ಹಲ್ಲಿನ ಸೆಟ್ಟಿಗೆ ಅರಿಶಿನ ಶಾಸ್ತ್ರ

ನಮ್ಮ ಕಡೆಯವರಿಗೆ ಹಲ್ಲು ಹೋದದ್ದು ತಡವಾಗಿ ಗೊತ್ತಾಗುತ್ತದೆ. ಅದಕ್ಕೆ ಕಾರಣ ರಾಗಿಮುದ್ದೆ. ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಮುರಿದು, ಸಾರಿನಲ್ಲಿ ಹೊರಳಿಸಿ, ನುಂಗುವುದು. ಚಿಕ್ಕಂದಿನಲ್ಲಿ ಉದ್ದನಪಲ್ಲಿಯ ಮನೆಯಲ್ಲಿ ನಾನು ಮರೆತು ಅಗಿದರೆ ನಮ್ಮಮ್ಮ, "ಏನೇ ಅದು, ಎಮ್ಮೆ ಮೆಲುಕು ಹಾಕ್ದಂಗೆ" ಎಂದು ತಲೆಗೆ ಮೊಟಕುತ್ತಿದ್ದಳು. ಹಾಗೆ ಬೆಳೆದ ಬಾಯಲ್ಲಿ ಒಂದು ಹಲ್ಲು ಅಲ್ಲಾಡಿ ಬಿತ್ತು. ಸ್ವಲ್ಪ ಕಾಲ ಬಿಟ್ಟು ಪಕ್ಕದ್ದೂ ಅದನ್ನು ಹುಡುಕಿಕೊಂಡು ಹೊರಟಿತು. ಮೇಲಿನ ಸಾಲು ಪೂರ್ತಿ ಖಾಲಿಯಾಗುವ ಹೊತ್ತಿಗೂ ನಾನು ಅದನ್ನು ದೊಡ್ಡ ಸುದ್ದಿಯೆಂದು ಭಾವಿಸಿರಲಿಲ್ಲ. ತಿಮ್ಮರಾಯಸ್ವಾಮಿ ಹಲ್ಲು ತೆಗೆದುಕೊಂಡರೂ ಮುದ್ದೆ ಬಿಟ್ಟಿದ್ದಾನಲ್ಲ ಎಂದು ಕೈಮುಗಿದು ಸುಮ್ಮನಾದೆ.

ವಯಸ್ಸಾದ ಮೇಲೆ ದೇವರ ಉಪಕಾರಗಳು ಸಣ್ಣ ಸಣ್ಣದಾಗಿ ಬರುತ್ತವೆ; ನೋಡುವ ಕಣ್ಣಿರಬೇಕು ಅಷ್ಟೆ. ಬೆಳಿಗ್ಗೆ ಏಳುವಾಗ ಎಡಮಂಡಿ ಕಟಕ್ ಎನ್ನದಿದ್ದರೆ ಅದೊಂದು ಉಪಕಾರ. ಬಿ.ಪಿ. ಮಾತ್ರೆ ನುಂಗಿದೆನೋ ಇಲ್ಲವೋ ಎಂದು ಗಾಬರಿಯಾಗಿ ಹುಡುಕಿದಾಗ ಮಾತ್ರೆ ಬಾಯಲ್ಲೇ ಇದ್ದರೆ ಅದೂ ಒಂದು. ನಮ್ಮ ಯಜಮಾನರ ಬಲಗಿವಿ ಮಂದವಾದದ್ದನ್ನಂತೂ ನಾನು ದೊಡ್ಡ ಉಪಕಾರಗಳ ಸಾಲಿಗೇ ಸೇರಿಸಿದ್ದೇನೆ. ಕಾರ್ಖಾನೆಯಲ್ಲಿ ಇಡೀ ಜನ್ಮ ಮಿಷನ್ನಿನ ಪಕ್ಕ ನಿಂತ ಕಿವಿ ಅದು. ಈಗ ಅವರ ಬಲಕ್ಕೆ ನಿಂತರೆ ಮನಸ್ಸಿಗೆ ಬಂದದ್ದನ್ನೆಲ್ಲ ಹೇಳಿಕೊಳ್ಳಬಹುದು. ಹೇಳಿ ಮುಗಿಸಿ ಎಡಕ್ಕೆ ಬಂದು "ಕಾಫಿ ಕೊಡ್ಲಾ?" ಎಂದರೆ ಸಂಸಾರ ಸುಗಮವಾಗಿ ಸಾಗುತ್ತದೆ.

ನನ್ನ ಹಲ್ಲು ದೊಡ್ಡ ಸುದ್ದಿಯಾದದ್ದು ನನ್ನ ತಮ್ಮನ ಮಗಳಿಗೆ ಗಂಡು ಗೊತ್ತಾದಾಗ. ಹುಡುಗಿ ಹೊಸೂರಿನ ಒಂದು ಕಂಪನಿಯಲ್ಲಿ ಕೆಲಸಕ್ಕೆ ಸೇರಿದಾಗಿನಿಂದ, ಹೊಸೂರಿಗೇ ಅಂಟಿಕೊಂಡಿರುವ ಆಲಸನತ್ತದ ನಮ್ಮ ಮನೆಯಲ್ಲೇ ಇದ್ದಳು. ಉದ್ದನಪಲ್ಲಿಯಿಂದ ದಿನಾ ಬಂದು ಶಿಫ್ಟ್ ಹಿಡಿಯುವುದು ಕಷ್ಟ. ನಮ್ಮ ಬೀದಿಯ ಮೂಲೆಯಲ್ಲಿ ಕಂಪನಿ ಬಸ್ಸೇ ನಿಲ್ಲುತ್ತದೆ. ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ನನ್ನ ಮಾತಿಗೆ ಸಿಕ್ಕುತ್ತಿದ್ದವಳು ಅವಳೇ. ಬೆಳಗಿನ ಶಿಫ್ಟಿದ್ದಾಗ ನಾನು ದೋಸೆ ಹುಯ್ಯುತ್ತ ನಮ್ಮಮ್ಮನ ಪದ ಗುನುಗುವೆ; ಅವಳು ಜಡೆ ಹಾಕಿಕೊಳ್ಳುತ್ತ ಕೇಳುವಳು. ಆಮೇಲೆ ಬಸ್ಸಿನ ತನಕ ಜೊತೆಗೆ ನಡೆದುಹೋಗುವೆ. ನಡೆದರೆ ಮಂಡಿಗೆ ಒಳ್ಳೆಯದು ಎಂದು ನೆಪ.

ಆ ಪದ ನಮ್ಮಮ್ಮ ತಾನೇ ಕಟ್ಟಿದ್ದು. ಮದುಮಗಳು ತವರಿನ ಒಂದೊಂದು ವಸ್ತುವಿನ ಹತ್ತಿರವೂ ಹೋಗಿ ಅಪ್ಪಣೆ ಕೇಳುತ್ತಾಳೆ. ಒರಳೇ ಹೋಗಿ ಬರಲಾ, ಒನಕೆ ಹೋಗಿ ಬರಲಾ, ಹಸುವೇ, ಬಾವಿಯೇ, ಹೊಸಿಲೇ ಹೋಗಿ ಬರಲಾ, ಹೀಗೆ. ಕೊನೆಗೆ ಹಿರಿಯರು ಹೇಳುವ ಬುದ್ಧಿಮಾತು. ನಮ್ಮ ಕಡೆ ಅರಿಶಿನದ ದಿನ ಮೊದಲ ಅರಿಶಿನ ಇಡುವುದು ಸೋದರತ್ತೆ, ಪದ ಎತ್ತುವುದೂ ಅವಳೇ. ಎತ್ತುವುದೆಂದರೆ ಮೊದಲು "ಸೋಬಾನೆ" ಎಂದು ಎಳೆದು ರಾಗ ಹಿಡಿಸಬೇಕು. ಉಳಿದ ಹೆಂಗಸರು ಅದನ್ನು ಹಿಂದಿನಿಂದ ಹಾಡುತ್ತ ಹೋಗುತ್ತಾರೆ, ಎತ್ತಿದವಳು ನಡುವೆ ಒಂದೊಂದೇ ಸಾಲು ಹೇಳುತ್ತ ಹೋಗುತ್ತಾಳೆ. ನಮ್ಮಮ್ಮ ಹೋದ ಮೇಲೆ ಆ ಪದ ಪೂರ್ತಿ ಬರುವುದು ನನಗೊಬ್ಬಳಿಗೇ.

ಗಂಡು ಗೊತ್ತಾದ ಸಂಜೆ ಹುಡುಗಿ ನನ್ನ ಎದುರು ಚಕ್ಕಳಮಕ್ಕಳ ಹಾಕಿ ಕೂತಳು.

"ಅತ್ತೆ, ಎಲ್ಲಿ, ಒಂದ್ಸಲ ಗಟ್ಟಿಯಾಗಿ ಸೋಬಾನೆ ಅನ್ನು."

ಅಂದೆ. ಬಂದದ್ದು ಗಾಳಿ. ಸೈಕಲ್ ಟ್ಯೂಬಿನಿಂದ ಬರುವಂಥದ್ದು. ದೋಸೆಯ ಚುಯ್ ಎನ್ನುವ ಸದ್ದಿನಲ್ಲಿ ಇಷ್ಟು ದಿನ ಅದು ಯಾರಿಗೂ ಗೊತ್ತಾಗಿರಲಿಲ್ಲ.

"ಇನ್ನೊಂದ್ಸಲ."

ಇನ್ನೊಂದು ಸಲವೂ ಗಾಳಿಯೇ, ಜೊತೆಗೆ ಸ್ವಲ್ಪ ತುಂತುರು. ಹುಡುಗಿ ಮುಖ ಒರೆಸಿಕೊಂಡು, "ಇದು ಆಶೀರ್ವಾದ ಅಂದ್ಕಂತೀನಿ. ಆದ್ರೆ ಅತ್ತೆ, ಪದ ನೀನೇ ಎತ್ಬೇಕು, ಅಜ್ಜಿ ಪದಾನೇ ಎತ್ಬೇಕು. ಇಲ್ಲಾಂದ್ರೆ ನಾನು ಅರಿಶಿನಕ್ಕೆ ಕೂರಾಕಿಲ್ಲ. ಕಂಪ್ನಿ ಯೂನಿಫಾರ್ಮಲ್ಲೇ ತಾಳಿ ಕಟ್ಟಿಸ್ಕಂತೀನಿ" ಎಂದಳು.

ಅವಳು ಅನ್ನುವುದನ್ನು ಮಾಡುವವಳು. ನನಗೆ ಕಣ್ಣ ಮುಂದೆ ಯೂನಿಫಾರ್ಮು, ಅದರ ಮೇಲೆ ತಾಳಿ, ಕೊರಳಲ್ಲಿ ಗೇಟಿನವನಿಗೆ ತೋರಿಸುವ ಕಾರ್ಡು ಎಲ್ಲ ಬಂತು.

ನಿಶ್ಚಿತಾರ್ಥದ ದಿನ ಇನ್ನೊಬ್ಬರು ಕಣಕ್ಕಿಳಿದರು. ಹುಡುಗಿಯ ದೊಡ್ಡಮ್ಮ, ಅಂದರೆ ನನ್ನ ತಮ್ಮನ ಹೆಂಡತಿಯ ಅಕ್ಕ. ರಾಯಕೋಟೆ ಕಡೆಯವಳು. ನನ್ನ ವಯಸ್ಸಿನವಳೇ, ಆದರೂ ನನ್ನನ್ನು ಬಾಯಿತುಂಬ ಅಕ್ಕ ಎನ್ನುತ್ತಾಳೆ. ಬೆಳಿಗ್ಗೆ ಎದ್ದರೆ ಬೇವಿನ ಕಡ್ಡಿ, ಒಂದು ಹಲ್ಲೂ ಅಲ್ಲಾಡಿಲ್ಲ. ಗಂಟಲು ಎಂದರೆ ಗಂಟಲು, ಮೈಕು ಬೇಡ. ಅವಳಿಗೂ ಬೇಕಾದಷ್ಟು ಪದ ಬರುತ್ತದೆ, ಚೆನ್ನಾಗಿಯೇ ಹಾಡುತ್ತಾಳೆ. ಅದೇ ತೊಂದರೆ. ಊಟಕ್ಕೆ ಪಕ್ಕದಲ್ಲೇ ಕೂತು ಕೋಡುಬಳೆಯನ್ನು ಕಟಕಟ ಅಗಿಯುತ್ತ ನನ್ನ ಎಲೆ ನೋಡಿದಳು.

"ಏನಕ್ಕಾ, ಕೋಡುಬಳೆ ಸಾರಿಗೆ ಅದ್ಕಂಡು ತಿಂತಿದೀಯಾ?"

"ನೆಂದ್ರೆ ರುಚಿ ಕಣಮ್ಮ."

"ಬುಡಕ್ಕ. ಎಲ್ಲಾ ಕೇಳಿದೀನಿ, ಮಗು ಹೇಳ್ತು. ನೀನು ಅರಿಶಿನ ಇಕ್ಬುಟ್ಟು ಹಂಗೆ ಗ್ವಾಡೆಗೆ ಒರಗ್ಕೋ. ಪದ ನಾನೆತ್ತೀನಿ. ವಯಸ್ಸಾದೋರ್ಗೆ ಯಾಕೆ ತ್ರಾಸು?"

ನನ್ನ ತಮ್ಮ ಸಾಂಬಾರಿನ ಬಕೆಟ್ಟು ಹಿಡಿದುಕೊಂಡು ಅಲ್ಲೇ ನಿಂತಿದ್ದವನು, "ಇದಕ್ಯಾಕ್ರವ್ವ ಜಗಳ? ಎಲ್ಲಾ ಪದ ಪೆನ್‌ಡ್ರೈವ್‌ನಾಗೇ ಸಿಗ್ತದೆ. ಮೈಕ್ ಸೆಟ್ನೋನು ಹಾಕ್ತಾನೆ" ಎಂದ. ಆಗ ಮಾತ್ರ ನಾವಿಬ್ಬರೂ ಒಂದಾಗಿ ಅವನ ಕಡೆ ತಿರುಗಿದೆವು. ಅವನು ಮುಂದಿನ ಪಂಕ್ತಿಗೆ ಓಡಿದ.

ಮನೆಗೆ ಬಂದು ಹುಡುಗಿಗೆ ಹೇಳಿದೆ: "ನಡಿ, ಹಲ್ಲು ಕಟ್ಟಿಸ್ತೀನಿ."

ಹೊಸೂರಿನ ಹಲ್ಲಿನ ಡಾಕ್ಟರು ಎಳೆಯ ಹುಡುಗ, ತಮಿಳಿನವನು. ಮಲಗುವ ಕುರ್ಚಿಯ ಮೇಲೆ ನನ್ನನ್ನು ಒರಗಿಸಿ "ಪಾಟಿ, ವಾಯ್ ತೊರಂಗ" ಎಂದ. ಅಜ್ಜಿ ಅನ್ನಿಸಿಕೊಂಡದ್ದಕ್ಕೆ ಬೇಜಾರಾದರೂ ಬಾಯಿ ತೆರೆದೆ. ಟಾರ್ಚು ಬಿಟ್ಟು ನೋಡಿದ. ಇಷ್ಟು ದಿನ ಏನು ತಿಂದು ಬದುಕಿದ್ದೀರಿ ಎಂದು ಕೇಳಿದ. ಮುದ್ದೆಗೆ ಅವರು ಕಳಿ ಎನ್ನುತ್ತಾರೆ, "ಕಳಿ" ಎಂದೆ. ಅವನ ಮುಖ ಅರಳಿತು. ಅವನ ಅಜ್ಜಿಯದೂ ಅದೇ ಕಥೆಯಂತೆ, ಹಲ್ಲು ಕಟ್ಟುತ್ತೇನೆಂದು ಮೊಮ್ಮಗ ಎಷ್ಟು ಬೇಡಿಕೊಂಡರೂ ಬಂದಿಲ್ಲವಂತೆ. ಆ ಅಜ್ಜಿಯ ಮೇಲಿನ ಪ್ರೀತಿಯನ್ನೆಲ್ಲ ನನ್ನ ಬಾಯಿಗೆ ಸುರಿದ. ಮೆತ್ತನೆಯ ಹಿಟ್ಟಿನಂಥದ್ದನ್ನು ಬಾಯೊಳಗೆ ಒತ್ತಿ ಅಚ್ಚು ತೆಗೆದ. ನನಗೆ ತಂಬಿಟ್ಟಿನ ನೆನಪಾಯಿತು. ಅಚ್ಚು ಹೋಗಿ, ಬಂದು, ತಿರುಗಿ ಹೋಗಿ, ಕಡೆಗೊಂದು ದಿನ ಮೇಲಿನ ಸಾಲು ತಯಾರಾಯಿತು. ಕನ್ನಡಿ ಕೊಟ್ಟ. ನೋಡಿದರೆ ಸುಕ್ಕು ಮುಖ ನಮ್ಮಮ್ಮನದು, ಹಲ್ಲು ಟೂತ್‌ಪೇಸ್ಟ್ ಜಾಹೀರಾತಿನ ಹುಡುಗಿಯದು.

"ಬಾಯಿಗೆ ಒಗ್ಗಬೇಕು. ಮನೆಯಲ್ಲಿ ತುಂಬಾ ಮಾತಾಡಿ" ಎಂದ ಡಾಕ್ಟರು. ನನಗೆ ಹಾಗೆ ಹೇಳಿದ ಮೊದಲ ಗಂಡಸು ಅವನು. ಅವನ ಹೆಸರಿನಲ್ಲಿ ಸ್ವಾಮಿಗೆ ಒಂದು ಮೊಳ ಕನಕಾಂಬರ ಏರಿಸಿದೆ.

ಮೊದಮೊದಲು ಯಾರದೋ ಸಾಮಾನನ್ನು ಬಾಯಲ್ಲಿ ಕಾದಿಟ್ಟುಕೊಂಡ ಹಾಗಿತ್ತು. ದೇವರ ಮನೆಯಲ್ಲಿ ಕೂತು ಶ್ರೀನಿವಾಸ, ಶ್ರೀನಿವಾಸ ಎಂದು ಅಭ್ಯಾಸ ಮಾಡಿದೆ. ಸ ಬಂತು. ಚೂಪಾಗಿ, ಹೊಸದಾಗಿ ಬಂತು. ಆದರೆ ಜೊತೆಗೆ ಟಕ್ ಟಕ್ ಎಂದು ಒಂದು ಸದ್ದೂ ಬರುತ್ತಿತ್ತು. ಹೊರಗೆ ಪಡಸಾಲೆಯಲ್ಲಿ ಯಜಮಾನರು ಪೇಪರು ಓದುತ್ತ, "ಈ ವರ್ಷ ಮಳೆ ಚೆನ್ನಾಗಾಗ್ತದೆ" ಎಂದು ತಮಗೆ ತಾವೇ ಅಂದುಕೊಂಡರು. ಒಳಗೆ ನನ್ನ ಹಲ್ಲು ಟಕ್ ಟಕ್ ಟಕ್ ಎಂದಿತು.

"ಕೃಷ್ಣ ಕೃಷ್ಣ" ಎಂದು ಅವರು ನೆಲ ಕುಟ್ಟಿದರು. "ನೋಡೇ, ಹಲ್ಲಿ ಲೊಚಗುಟ್ತು. ಆಗೇ ಆಗ್ತದೆ."

ಹಾಲು ತನ್ನಿ ಎಂದು ಕೂಗಿದರೆ ಕೇಳದ ಕಿವಿಗೆ ಇದು ಕೇಳಿತು. ನಾನು ತಿದ್ದಲಿಲ್ಲ. ಆಡಿದ ಮಾತಿಗೆ ಹಲ್ಲಿ ಲೊಚಗುಟ್ಟಿದರೆ ನಿಜವಾಗುತ್ತದೆ ಎಂದು ನಂಬಿದ ಗಂಡ, ಒಳಗೆ ಹಲ್ಲಿಯ ಕೆಲಸ ನನ್ನ ಕೈಯಲ್ಲಿ. ಇಂಥ ಅಧಿಕಾರ ನನಗೆ ಮದುವೆಯಾದಾಗಿನಿಂದ ಬಂದಿರಲಿಲ್ಲ. "ಇವತ್ತೊಂದು ಜಿಲೇಬಿ ತಿಂದ್ರೆ ಶುಗರ್ ಏನೂ ಏರಲ್ಲ" ಎಂದು ಅವರು ಕಿವಿ ನಿಮಿರಿಸಿ ಕಾದರು. ನಾನು ದವಡೆ ಬಿಗಿಹಿಡಿದು ಕೂತೆ. ಮನೆಯೆಲ್ಲ ನಿಶ್ಶಬ್ದ. "ಕೆರೆ ತನಕ ವಾಕಿಂಗ್ ಹೋದ್ರೆ ಒಳ್ಳೇದು ಅಂತಾನೆ ಡಾಕ್ಟ್ರು" ಎಂದು ಗೊಣಗಿದರು. ಟಕ್. ಪಾಪ, ಚಪ್ಪಲಿ ಮೆಟ್ಟಿಕೊಂಡು ಹೊರಟರು. ಅವರಿಗೂ ಒಳ್ಳೆಯದೇ ಆಯಿತು. ದಿನಾ ಹೋಗಿ ಹೋಗಿ ಹೊಟ್ಟೆ ಇಳಿಯಿತು.

ಇದೆಲ್ಲ ನೆಟ್ಟಗೆ ನಡೆಯುತ್ತಿದ್ದಾಗ ಸೀರೆ ಕೊಳ್ಳಲು ಹೊಸೂರಿಗೆ ಬಂದ ದೊಡ್ಡಮ್ಮ ನಮ್ಮ ಮನೆಗೂ ಬಂದಳು. ಅರಿಶಿನದ ಶಾಸ್ತ್ರಕ್ಕೆ ಒಂದೇ ವಾರ ಬಾಕಿ.

"ಎಲ್ಲಕ್ಕ, ತೋರ್ಸು ನಿನ್ ಹೊಸ ಹಲ್ಲು."

ನಕ್ಕು ತೋರಿಸಿದೆ. ಬೇಕೆಂದೇ ಸ್ವಲ್ಪ ಹೆಚ್ಚು ನಕ್ಕೆ. ಅವಳು ಹತ್ತಿರ ಬಂದು, ಮಾರುಕಟ್ಟೆಯಲ್ಲಿ ಎತ್ತು ನೋಡುವ ಹಾಗೆ ನೋಡಿದಳು.

"ಬೆಳ್ಳಗವೆ. ಯಾರದ್ದಂತೆ?"

"ಯಾರದ್ದು ಅಂದ್ರೆ? ನಂದೇ."

"ಅಯ್ಯೋ ಅಕ್ಕ, ಹಲ್ಲೇನು ಮರದಾಗೆ ಬಿಡ್ತಾವಾ? ಸತ್ತೋರ ಬಾಯಿಂದ ತೆಗ್ದು, ತೊಳ್ದು, ಬದುಕಿರೋರ್ಗೆ ಹಾಕ್ತಾರಂತೆ. ನಮ್ಮೂರ್ನಾಗೆ ಎಲ್ರೂ ಅಂತಾರೆ. ನಿನ್ನಂಥ ಪೂಜೆ ಪುನಸ್ಕಾರದೋಳು, ಕೇಳ್ಕಂಡು ಹಾಕಿಸ್ಕೋಬಾರ್ದಾ?"

"ಥೂ, ಇದು ಪ್ಲಾಸ್ಟಿಕ್ಕು ಕಣೆ."

"ಹಂಗಂತ ಹೇಳ್ತಾರಕ್ಕ" ಎಂದು ಕಾಫಿ ಕುಡಿದು, ಎಲೆ ಅಡಿಕೆ ಹಾಕಿಕೊಂಡು ಬಸ್ಸು ಹತ್ತಿದಳು.

ಪ್ಲಾಸ್ಟಿಕ್ಕೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಸಂಜೆ ದೀಪ ಹಚ್ಚಿ ಶ್ರೀನಿವಾಸ ಎನ್ನಲು ಬಾಯಿ ತೆರೆದರೆ, ಹೇಳುತ್ತಿರುವುದು ನಾನೋ ಇನ್ಯಾರೋ ಎನ್ನಿಸಿತು. ಇನ್ನೊಂದು ವಾರಕ್ಕೆ ಆ ಮಗುವಿಗೆ ಮೊದಲ ಅರಿಶಿನ ಇಟ್ಟು ಇದೇ ಬಾಯಲ್ಲಿ ಪದ ಹೇಳಬೇಕು. ಒಂದು ವೇಳೆ? ನಮ್ಮ ಮನೆಗೆ ಹೊಸದಾಗಿ ಏನೇ ಬರಲಿ, ಹೊಸ ಮಡಕೆ, ಹೊಸ ಮೊರ, ಮಗನ ಹೊಸ ಬೈಕು, ಎಲ್ಲಕ್ಕೂ ಅರಿಶಿನದ ನೀರು ಚಿಮುಕಿಸಿಯೇ ಒಳಗೆ ತೆಗೆದುಕೊಳ್ಳುವುದು. ಬೈಕಿಗೆ ಮಾಡಿದ್ದನ್ನು ಬಾಯಿಗೆ ಹಾಕಿಕೊಳ್ಳುವ ವಸ್ತುವಿಗೆ ಮಾಡಿರಲಿಲ್ಲವಲ್ಲ!

ಮಾರನೆಯ ಬೆಳಿಗ್ಗೆ ತಲೆಗೆ ಸ್ನಾನ ಮಾಡಿ ಆ ಕೆಲಸಕ್ಕೆ ಕೂತೆ. ಚಿಮುಕಿಸಿದರೆ ಸಾಲದು, ನೆನೆಸಿಬಿಡೋಣ ಎನ್ನಿಸಿತು. ಹಿತ್ತಾಳೆ ಚೊಂಬಿಗೆ ಕೊತಕೊತ ಕುದಿಯುವ ನೀರು ಹುಯ್ದೆ. ಮದುವೆಗೆಂದು ಊರಲ್ಲಿ ಕುಟ್ಟಿಸಿ ತಂದ ಅಪ್ಪಟ ಅರಿಶಿನ ಒಂದು ಹಿಡಿ. ತುಳಸಿ ಒಂದು ಎಲೆ. ಹಲ್ಲನ್ನು ಅದರೊಳಗೆ ಬಿಟ್ಟು, ಚೊಂಬನ್ನು ಸ್ವಾಮಿಯ ಮುಂದಿಟ್ಟು, ಮುಚ್ಚಿ, ಅಡುಗೆ ಮುಗಿಸಲು ಹೋದೆ. ಅಡುಗೆಯಾಗಿ, ಯಜಮಾನರ ಊಟವಾಗಿ, ನಾನು ಬಂದು ಮುಚ್ಚಳ ತೆಗೆದು ನೋಡಿದರೆ ಹಲ್ಲು ಮಂಗಳಕರವಾಗಿತ್ತು.

ಒಂದೊಂದೂ ಮಾಗಿದ ಜೋಳದ ಕಾಳಿನ ಬಣ್ಣ. ಒಸಡಿನ ಗುಲಾಬಿ ಭಾಗ ಕಿತ್ತಳೆಯಾಗಿತ್ತು. ಟೂತ್‌ಪೌಡರ್ ಹಾಕಿ ಉಜ್ಜಿದೆ, ಹುಣಸೆಹಣ್ಣು ಹಾಕಿ ಉಜ್ಜಿದೆ. ಇನ್ನಷ್ಟು ಹೊಳಪು ಬಂತೇ ಹೊರತು ಬಿಳುಪು ಬರಲಿಲ್ಲ. ಬಾಯಿಗೆ ಹಾಕಿಕೊಂಡರೆ ಬೇರೆ ಡಬ್ಬಿಯ ಮುಚ್ಚಳದಂತೆ ಒಂದು ಕಡೆ ಕೂತರೆ ಇನ್ನೊಂದು ಕಡೆ ಏಳುತ್ತಿತ್ತು.

ಶಿಫ್ಟ್ ಮುಗಿಸಿ ಬಂದ ಹುಡುಗಿ ನನ್ನ ಬಾಯಿ ನೋಡಿ ಬಾಗಿಲಲ್ಲೇ ನಿಂತುಬಿಟ್ಟಳು.

"ಅತ್ತೇ! ನನ್ಗಿಂತ ಮುಂಚೆ ನಿನ್ ಹಲ್ಲಿಗೆ ಅರಿಶಿನ ಶಾಸ್ತ್ರ ಮಾಡ್ಬುಟ್ಯಾ?"

ಬಿಕ್ಕಳಿಕೆ ಬರುವ ತನಕ ನಕ್ಕಳು. ಆಮೇಲೆ ನನ್ನ ಮುಖ ನೋಡಿ ನಿಲ್ಲಿಸಿದಳು. ನಾನು ಅಳುತ್ತಿರಲಿಲ್ಲ, ಆದರೆ ಪದ ಕೈತಪ್ಪಿತು ಎಂದು ಖಾತ್ರಿಯಾಗಿತ್ತು. ಅವಳು ಸ್ನಾನವನ್ನೂ ಮಾಡದೆ ನನ್ನನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಡಾಕ್ಟರ ಹತ್ತಿರ ಹೋದಳು.

ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ನೋಡಿದ. ತುಟಿ ಕಚ್ಚಿಕೊಂಡಿದ್ದ. "ಪಾಟಿ... ಮಂಜಳಾ?" ಎಂದ.

"ಮಂಜಳ್ ದಾನ್" ಎಂದು ಒಪ್ಪಿಕೊಂಡೆ. ಅರಿಶಿನ ಯಾವ ಭಾಷೆಯಲ್ಲಿ ಹೇಳಿದರೂ ಹಳದಿಯೇ.

ಬಿಸಿನೀರಿಗೆ ಸೊಟ್ಟಗಾಗಿದೆ, ಹೊಸದು ಮಾಡಲೇಬೇಕು, ಮದುವೆಯೊಳಗೆ ಆಗುವುದಿಲ್ಲ ಎಂದ. ಅಲ್ಲಿಲ್ಲಿ ಉಜ್ಜಿ, ಕೂರುವ ಹಾಗೆ ಮಾಡಿಕೊಟ್ಟ. ಮೆತ್ತಗಿನದು ತಿನ್ನಬಹುದು, ಮಾತಾಡಬಹುದು, ಹಾಡುವುದು ಮಾತ್ರ ಬೇಡ, ಬಾಯಿ ಅಗಲವಾದರೆ ಬೀಳುತ್ತದೆ ಎಂದ.

"ಒಂದೇ ಒಂದು ಪದ?" ಎಂದೆ.

ಅವನು ನಮ್ಮ ಹುಡುಗಿಯ ಮುಖ ನೋಡಿದ. ಅವಳು ಅವನ ಮುಖ ನೋಡಿದಳು. "ಮೆಲ್ಲಗೆ" ಎಂದ.

ಅರಿಶಿನದ ದಿನ ಬೆಳಿಗ್ಗೆ ಉದ್ದನಪಲ್ಲಿಯಲ್ಲಿ ಮನೆಯ ಮುಂದೆ ಹಸಿರು ಚಪ್ಪರ. ಗಂಡಿನ ಮನೆಯಿಂದ ಅರಿಶಿನ ಹೊತ್ತು ತಂದ ಹೆಂಗಸರು ಒಂದು ಕಡೆ, ನಮ್ಮವರು ಒಂದು ಕಡೆ ಚಾಪೆಯ ಮೇಲೆ ಕೂತಿದ್ದರು. ನಡುವೆ ಮಣೆಯ ಮೇಲೆ ಹುಡುಗಿ. ಮಂಡಿ ಮಡಿಸಲಾರದ ನನಗೆ ಇನ್ನೊಂದು ಎತ್ತರದ ಮಣೆ ಹಾಕಿದ್ದರು. ಎತ್ತುವವಳ ಪಕ್ಕ ಹಿಂದುಗಡೆಯ ದನಿಗೆ ಒಬ್ಬಳು ಗಟ್ಟಿಗಿತ್ತಿ ಕೂರಬೇಕು. ದೊಡ್ಡಮ್ಮ ಬಂದು ನನಗೆ ಅಂಟಿಕೊಂಡಂತೆ ಕೂತಳು. ಕೂತವಳೇ ಗಂಟಲು ಸರಿಮಾಡಿಕೊಂಡಳು. ಚಪ್ಪರದ ಕಂಬಕ್ಕೆ ಒರಗಿ ಮೈಕ್ ಸೆಟ್ಟಿನವನು ಪೆನ್‌ಡ್ರೈವ್ ಚುಚ್ಚಿಕೊಂಡು ಕಾಯುತ್ತಿದ್ದ. ನಾನು ಬೆಳಗಿನಿಂದ ತುಟಿ ತೆರೆಯದೆ ತಲೆಯಾಡಿಸಿಕೊಂಡೇ ಎಲ್ಲರನ್ನೂ ಮಾತಾಡಿಸಿದ್ದೆ. ಎಷ್ಟು ಗಂಭೀರವಾಗಿದ್ದಾರೆ ಎಂದು ಬೀಗರು ಅಂದುಕೊಂಡರಂತೆ.

ಹುಡುಗಿಯ ಪಾದಕ್ಕೆ, ಮಂಡಿಗೆ, ಭುಜಕ್ಕೆ, ಕೆನ್ನೆಗೆ ಅರಿಶಿನ ಮುಟ್ಟಿಸಿದೆ. ಎಲ್ಲರೂ ಸುಮ್ಮನಾದರು. ಸ್ವಾಮಿಯನ್ನು ನೆನೆದು ಬಾಯಿ ತೆರೆದೆ.

"ಸೋ..."

ಬಂತು! ಗಾಳಿಯಿಲ್ಲ, ತುಂತುರಿಲ್ಲ, ನೆಟ್ಟಗೆ ಬಂತು. ಹುಡುಗಿ ಕಣ್ಣು ಮುಚ್ಚಿಕೊಂಡೇ ನಕ್ಕಳು. ಆ ಸಂತೋಷಕ್ಕೆ ನಾನು ಮೆಲ್ಲಗೆ ಎಂಬ ಮಾತು ಮರೆತು ಓ ಎಂದು ಎಳೆದೆ. ಮೇಲಿನ ಸಾಲು ಕೆಳಗಿಳಿಯಿತು.

ಅಂಗಡಿಯ ಷಟರ್ ಇಳಿದ ಹಾಗೆ ದನಿ ಒಳಗೇ ನಿಂತಿತು. ನಾಲಿಗೆಯಲ್ಲಿ ಹಲ್ಲನ್ನು ತಡೆದು ಹಿಡಿದು, ಸೆರಗು ಬಾಯಿಗೆ ಒತ್ತಿಕೊಂಡೆ. "ಪಾಪ, ದುಃಖ ಒತ್ತರಿಸ್ಬುಡ್ತು. ಸಾಕಿದ್ದೋಳಲ್ವಾ" ಎಂದಳು ಹಿಂದಿನಿಂದ ಯಾರೋ. ಮೈಕ್ ಸೆಟ್ಟಿನವನು ನನ್ನ ತಮ್ಮನ ಮುಖ ನೋಡಿದ. ತಮ್ಮ ಕೈ ಎತ್ತಲೋ ಬೇಡವೋ ಎಂದು ಅರ್ಧ ಎತ್ತಿದ. ಪಕ್ಕದಲ್ಲಿ ದೊಡ್ಡಮ್ಮನ ಎದೆ ಏರಿತು. ಉಸಿರು ತೆಗೆದುಕೊಳ್ಳುತ್ತಿದ್ದಾಳೆ, ಇನ್ನು ಎತ್ತಿಬಿಡುತ್ತಾಳೆ ಎಂದು ಗೊತ್ತಾಯಿತು. ತಾಳ ಹಾಕಲು ಅಂಗೈಯನ್ನು ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡಿದ್ದಳು.

ನಾನು ಸೆರಗಿನ ಮರೆಯಲ್ಲಿ ಹಲ್ಲು ತೆಗೆದು ಆ ಅಂಗೈಯಲ್ಲಿ ಇಟ್ಟೆ.

"ಹಿಡ್ಕೋ" ಎಂದೆ.

ಅವಳು ಕೆಳಗೆ ನೋಡಿದಳು. ತೆಗೆದುಕೊಂಡ ಉಸಿರು ಅಲ್ಲೇ ನಿಂತಿತು. "ಅಯ್ಯಯ್ಯಪ್ಪಾ" ಎಂದಳು, ಹೊರಗೆ ಕೇಳದ ಹಾಗೆ. ಎಸೆಯುವಂತಿಲ್ಲ, ಮುಂದೆ ಕಳಶವಿದೆ. ಕೆಳಗೆ ಇಡುವಂತಿಲ್ಲ, ಎದುರಿಗಿರುವುದು ಅರಿಶಿನ ಕುಂಕುಮದ ತಟ್ಟೆ, ಇದು ಎಂಜಲು. ಏಳುವಂತಿಲ್ಲ, ಬೀಗಿತ್ತಿ ನೋಡುತ್ತಿದ್ದಾಳೆ. ಮುಷ್ಟಿ ಬಿಗಿಯುವುದೊಂದೇ ದಾರಿ.

ನಾನು ಅವಳ ಕಿವಿಗೆ ಬಾಗಿ, "ಆ ಮೊದಲಿಂದು ನೀನನ್ನು. ಮಿಕ್ಕಿದ್ದು ನಾನು" ಎಂದೆ.

ಅವಳು ನನ್ನನ್ನು ನೋಡಿದ ನೋಟದಲ್ಲಿ ಬೈಗುಳ ಎಲ್ಲ ಇತ್ತು. ಆದರೆ ಬೇಕೆಂದು ಕೇಳಿದ್ದು ಅರ್ಧ ಸಿಕ್ಕಿತು ಎನ್ನುವುದೂ ಹೊಳೆದಿರಬೇಕು. ಮುಷ್ಟಿ ಕಟ್ಟಿದ ಕೈಯನ್ನು ಸೀರೆಯ ಮಡಿಕೆಯಲ್ಲಿ ಅಡಗಿಸಿ ತಲೆ ಎತ್ತಿ "ಸೋಬಾನೆ" ಎಂದು ಎತ್ತಿದಳು ನೋಡಿ, ಚಪ್ಪರದ ಗರಿ ಅಲ್ಲಾಡಿತು. ಹೆಂಗಸರೆಲ್ಲ ಹಿಂದೆ ಹಿಡಿದರು. ನನ್ನ ತಮ್ಮ ಕೈ ಇಳಿಸಿದ.

ನಾನು ನಮ್ಮಮ್ಮನ ಸಾಲು ತೆಗೆದುಕೊಂಡೆ. ಒರಳು ಬಂತು, ಒನಕೆ ಬಂತು. ಮುಂದಿನದು ಹಸು. ಬಾಯಿಗೆ ಬರುವ ಮೊದಲೇ ಗಾಳಿಯ ನೆನಪಾಗಿ ಹಸುವನ್ನು ಕರು ಮಾಡಿಬಿಟ್ಟೆ. ಹೊಸಿಲು ಬರುವಷ್ಟರಲ್ಲಿ ಅದನ್ನು ಬಾಗಿಲು ಮಾಡಿದೆ. ಬಾವಿಯಲ್ಲಿ ಸ ಇಲ್ಲ, ಸ್ವಾಮಿ ದೊಡ್ಡವನು. ಹುಡುಗಿಗೆ ಈ ಪದ ಬೆಳಿಗ್ಗೆ ಬೆಳಿಗ್ಗೆ ಕೇಳಿ ಬಾಯಿಪಾಠ. ಹೆಂಗಸರು ಸೋಬಾನೆ ಎಳೆಯುವಾಗ ಕಣ್ಣು ತೆರೆಯದೆ ಪಿಸುಗುಟ್ಟಿದಳು:

"ಅತ್ತೆ, ಹಸು ಎಲ್ಲೋಯ್ತು?"

"ಮೇಯಕ್ಕೋಗೈತೆ. ಬಾಯ್ಮುಚ್ಚು."

ಅವಳ ಹೆಗಲು ಕುಲುಕತೊಡಗಿತು. ಅಳುತ್ತಿದ್ದಾಳೆಂದು ಒಂದಿಬ್ಬರು ಮೂಗು ಒರೆಸಿಕೊಂಡರು. ಪದ ಚೆನ್ನಾಗಿ ಹೋಗುತ್ತಿತ್ತಲ್ಲ, ನನಗೂ ಧೈರ್ಯ ಬಂತು. ನಮ್ಮಮ್ಮ ಹೇಳದೆ ಇದ್ದದ್ದನ್ನೂ ಸೇರಿಸಿದೆ. ಅತ್ತೆಯ ಕಾವಲಿಯೇ ಹೋಗಿ ಬರಲಾ ಎಂದೆ. ಬೀದಿಯ ಮೂಲೆಗೆ ಬರುವ ಬಸ್ಸನ್ನೂ ಸೇರಿಸಬೇಕೆನ್ನಿಸಿತು. ಬಸ್ಸು ಆಗದು, ಗಾಡಿ ಎಂದೆ. ಮುಂಜಾವಿನ ಗಾಡಿಯೇ ಹೋಗಿ ಬರಲಾ. ಆಗ ಹುಡುಗಿಯ ಹೆಗಲು ನಿಂತಿತು. ಮುಚ್ಚಿದ ಕಣ್ಣಿಂದ ಕೆನ್ನೆಯ ಅರಿಶಿನದ ಮೇಲೆ ನೀರು ಇಳಿಯಿತು. ಈ ಸಲ ನಿಜವಾದದ್ದು.

ಕೊನೆಯ ಸಾಲಿಗೆ ಬಂದಾಗ ಸಿಕ್ಕಿಬಿದ್ದೆ. ಹೋದ ಮನೆಗೆ ಒಳ್ಳೆಯ ಸೊಸೆಯಾಗು ಎನ್ನುವುದು ನಮ್ಮಮ್ಮ ಇಟ್ಟ ಮುಕ್ತಾಯ. ಒಂದೇ ಮಾತಿನಲ್ಲಿ ಎರಡು ಸ! ಎದುರಿಗೆ ಬೀಗಿತ್ತಿ ಕೂತಿದ್ದಾಳೆ. ಅವಳ ಮೇಲೆ ಆ ತುಂತುರು ಬೀಳಬಾರದು. ಹೆಂಗಸರ ಸೋಬಾನೆ ಮುಗಿಯುತ್ತ ಬಂತು. ಬೇರೇನೂ ಹೊಳೆಯದೆ, ಹೋದ ಮನೆಗೆ ಒಳ್ಳೆಯ ಮಗಳಾಗು ಎಂದು ಇಳಿಸಿಬಿಟ್ಟೆ.

ಗಂಡಿನ ತಾಯಿ ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. ಕಣ್ಣು ತುಂಬಿತ್ತು.

"ಎಲ್ರೂ ಸೊಸೆ ಸೊಸೆ ಅಂತಾರೆ ಕಣಕ್ಕ. ನೀನು ಮಗಳು ಅಂದ್ಯಲ್ಲ. ನಂಗೆ ಹೆಣ್ಮಕ್ಕಳಿಲ್ಲ. ಹೆಂಗೆ ಗೊತ್ತಾಯ್ತು ನಿಂಗೆ?"

ನಾನು ತುಟಿ ಮುಚ್ಚಿಕೊಂಡು, ಎಲ್ಲ ಮೇಲಿರುವವನು ನುಡಿಸಿದ್ದು ಎನ್ನುವ ಹಾಗೆ ಬೆರಳು ಮೇಲೆ ತೋರಿಸಿದೆ. ಸುಳ್ಳೂ ಅಲ್ಲ.

"ನಾಳೆ ನಮ್ ಮನೆ ದೇವರ ಶಾಸ್ತ್ರಕ್ಕೂ ನೀವಿಬ್ರೂ ಬಂದು ಪದ ಹೇಳ್ಬೇಕು" ಎಂದಳು ಬೀಗಿತ್ತಿ.

ನಾನು ತಲೆಯಾಡಿಸುವ ಮೊದಲೇ ದೊಡ್ಡಮ್ಮ, "ಬತ್ತೀವಿ, ಬತ್ತೀವಿ. ನಮ್ದು ಜೋಡಿ" ಎಂದಳು.

ಬೀಗಿತ್ತಿ ಆ ಕಡೆ ತಿರುಗಿದ ಮೇಲೆ ನಾನು ಹಲ್ಲಿಗಾಗಿ ಕೈ ನೀಡಿದೆ. ದೊಡ್ಡಮ್ಮ ಕೊಡಲಿಲ್ಲ. ತಾಂಬೂಲದ ತಟ್ಟೆಯಿಂದ ಒಂದು ವೀಳ್ಯದೆಲೆ ತೆಗೆದು ಅದರಲ್ಲಿ ಹಲ್ಲನ್ನು ಸುತ್ತಿ, ತನ್ನ ಸೊಂಟದ ಎಲೆ ಅಡಿಕೆ ಚೀಲದೊಳಕ್ಕೆ ಇಳಿಬಿಟ್ಟು, ದಾರ ಎಳೆದಳು.

"ಕೊಡೇ" ಎಂದೆ.

"ಇರಕ್ಕ. ಈಗ ಕೊಟ್ರೆ ಹಾಕ್ಕಂಡು ಎಲ್ಲಾ ನೀನೇ ಅಂತೀಯ. ಇನ್ನೂ ಆರತಿ ಪದ ಐತೆ, ಎಣ್ಣೆ ಪದ ಐತೆ. ಮದ್ವೆ ಮುಗೀಲಿ, ಕೊಡ್ತೀನಿ. ಸತ್ತೋರ್ ಹಲ್ಲು ಎಲ್ಲೋಯ್ತದೆ?"

ಹೇಳಿದವಳೇ ಸೆರಗು ಸರಿಪಡಿಸಿಕೊಂಡು ಮುಂದಿನ ಸೋಬಾನೆ ಎತ್ತಿದಳು. ಬಾಯಿ ಖಾಲಿ, ಸಾಲು ನನ್ನದು. ನಾನೂ ಶುರುಮಾಡಿದೆ.